ತೂತುಕೊಡದಲ್ಲಿಟ್ಟ ವೈರಿಂಗ್ ನಕ್ಷೆ

ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಹಳೆಯ ರೇಡಿಯಲ್ ಡ್ರಿಲ್ಲಿಂಗ್ ಮಷೀನಿನ ಪ್ಯಾನೆಲ್ ಬಾಗಿಲು ತೆರೆದು ಕೂತಿದ್ದೆ. ಸ್ಪಿಂಡಲ್ ತಿರುಗಿಸಲು ಒಂದು ಮೋಟರು, ತೋಳು ಏರಿಸಿ ಇಳಿಸಲು ಇನ್ನೊಂದು, ಕೂಲಂಟ್ ಪಂಪಿಗೆ ಮತ್ತೊಂದು. ಮಷೀನಿನ ಜೊತೆ ಬಂದ ನಕ್ಷೆ ಎಂದೋ ಕಳೆದುಹೋಗಿತ್ತು. ವೈರುಗಳ ತುದಿಯ ಫೆರೂಲುಗಳು ಎಣ್ಣೆ ಕುಡಿದು ಕಪ್ಪಾಗಿ, ಅರ್ಧಕ್ಕರ್ಧ ನಂಬರುಗಳು ಅಳಿಸಿದ್ದವು. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಳಚಿಟ್ಟು, ಮಲ್ಟಿಮೀಟರಿನ ಒಂದು ಪ್ರೋಬ್ ಇಲ್ಲಿ, ಇನ್ನೊಂದು ಅಲ್ಲಿ. ಬೀಪ್ ಅಂದರೆ ಅದೇ ವೈರು. ಹೀಗೆ ಒಂದೊಂದನ್ನೇ ಹಿಡಿದು ಪಕ್ಕದ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತ ಮೂರು ತಾಸು ಕಳೆದಿತ್ತು. 46 ವೈರು ಮುಗಿದಿದ್ದವು.

ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಮೊದಲೇ ಸತ್ತಿತ್ತು. "ಸೇವ್ ಮಾಡೀರೇನ್ರಿ ಸರ?" ಎಂದು ಕೇಳಿದ ಟಾರ್ಚ್ ಹಿಡಿದು ನಿಂತಿದ್ದ ಹುಡುಗ. ಮಾಡಿರಲಿಲ್ಲ.

ತೆರೆಯ ಮೇಲೆ ಅಷ್ಟು ಗಟ್ಟಿಯಾಗಿ ಕಾಣುತ್ತಿದ್ದ ಆ ಗೆರೆಗಳು ನಿಜಕ್ಕೂ ಇದ್ದದ್ದು ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ. ಅದರ ಒಂದೊಂದು ಕೋಶದಲ್ಲಿ ಇರುವುದು ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್. ಕೆಪಾಸಿಟರನ್ನು ಕೊಡ ಎಂದುಕೊಳ್ಳಿ, ಟ್ರಾನ್ಸಿಸ್ಟರ್ ಅದರ ನಲ್ಲಿ. ಕೊಡದಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಖಾಲಿ ಇದ್ದರೆ ಸೊನ್ನೆ. ತುಂಬಿದ ಕೊಡವೆಂದರೂ ಅದರಲ್ಲಿರುವುದು ಹತ್ತಾರು ಸಾವಿರ ಎಲೆಕ್ಟ್ರಾನುಗಳ ಲೆಕ್ಕ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ 1966ರಲ್ಲಿ ಕಂಡುಕೊಂಡು 1968ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. 1970ರಲ್ಲಿ ಇಂಟೆಲ್ ಮಾರಾಟಕ್ಕಿಟ್ಟ 1103 ಎಂಬ ಚಿಪ್ಪಿನಲ್ಲಿ ವಿದ್ಯುದಂಶ ತುಂಬಿಡುವ ಸ್ಮೃತಿಯ 1,024 ಬಿಟ್‌ಗಳಿದ್ದವು. ಇಂದು ಕೈಫೋನಿನಲ್ಲೂ ಕೋಟಿ ಕೋಟಿ ಕೋಶಗಳಿವೆ.

ಆದರೆ ಈ ಕೊಡ ತೂತುಕೊಡ. ನಲ್ಲಿ ಮುಚ್ಚಿದ್ದರೂ ಸೋರುತ್ತದೆ. ಅದಕ್ಕೇ ಕಂಪ್ಯೂಟರು ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿಯೊಂದು ಕೋಶವನ್ನೂ ಓದಿ, ತುಂಬಿದ್ದರೆ ಮತ್ತೆ ತುಂಬುತ್ತದೆ. ಲೆಕ್ಕ ಹಾಕಿದರೆ, ನಾನು ಬೆಳಿಗ್ಗೆ ಎಳೆದ ಮೊದಲ ಗೆರೆಯನ್ನು ಅದು ಆ ಮೂರು ತಾಸಿನಲ್ಲಿ 1,68,000ಕ್ಕೂ ಹೆಚ್ಚು ಸಲ ಹೊಸದಾಗಿ ತುಂಬಿತ್ತು. ನಾನು ಒಮ್ಮೆ ಎಳೆದು ಮರೆತಿದ್ದ ಗೆರೆಯನ್ನು ಅದು ಇಷ್ಟು ಸಲ ಕಾಪಾಡಿತ್ತು ಎಂಬುದನ್ನು ನೆನೆದರೆ ಈಗಲೂ ಬೆರಗಾಗುತ್ತದೆ.

ಕರೆಂಟ್ ಹೋದ ಕ್ಷಣದಲ್ಲೇ ಎಲ್ಲ ಅಳಿಸುವುದೂ ಇಲ್ಲ. ಸೋರುವುದಕ್ಕೂ ಹೊತ್ತು ಬೇಕಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಇದನ್ನು ತೋರಿಸಿದರು: ಬೆಚ್ಚಗಿನ ಚಿಪ್ಪಿನಲ್ಲಿ ಮಾಹಿತಿ ಕೆಲವು ಸೆಕೆಂಡು ಉಳಿಯುತ್ತದೆ, ಧೂಳು ಊದುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗು ಹಿಡಿದು ಸೊನ್ನೆಗಿಂತ 50 ಡಿಗ್ರಿ ಕೆಳಕ್ಕೆ ತಂಪು ಮಾಡಿದರೆ ನಿಮಿಷಗಟ್ಟಲೆ. ಹೀಗೆ ಉಳಿದದ್ದರಿಂದ ಗುಪ್ತ ಕೀಲಿಗಳನ್ನು ಕದಿಯಬಹುದು ಎನ್ನುವುದು ಅವರ ಎಚ್ಚರಿಕೆಯಾಗಿತ್ತು. ನನ್ನಂಥವರಿಗೆ ಅದರಿಂದ ಉಪಯೋಗವಿಲ್ಲ. ಮತ್ತೆ ಎದ್ದ ಕಂಪ್ಯೂಟರು ಆ ಜಾಗವನ್ನೆಲ್ಲ ಖಾಲಿ ಹೊಲವೆಂದೇ ಬಗೆದು ಉಳತೊಡಗುತ್ತದೆ.

ಎಳೆದ ಗೆರೆಯನ್ನು ಆಗಿಂದಾಗಲೇ ಡಿಸ್ಕಿಗೆ ಬರೆಯಬಾರದೇಕೆ? ವೇಗದ ಅಂತರವೇ ಮೂಲ ಕಾರಣ. ತಿರುಗುವ ಹಾರ್ಡ್‌ಡಿಸ್ಕಿನ ಮುಳ್ಳು ಸರಿಯಾದ ಜಾಗಕ್ಕೆ ಬರಲು ಸೆಕೆಂಡಿನ ನೂರನೇ ಒಂದು ಪಾಲು ಬೇಕು. ರ‍್ಯಾಮ್ ಅದರ ಲಕ್ಷಪಟ್ಟು ಬೇಗ ಕೆಲಸ ಮುಗಿಸುತ್ತದೆ. ಅದಕ್ಕಾಗಿ ಕೆಲಸವೆಲ್ಲ ರ‍್ಯಾಮಿನಲ್ಲಿ, ಪ್ರತಿ ಮಾತ್ರ ಡಿಸ್ಕಿನಲ್ಲಿ ಎಂಬ ಪದ್ಧತಿ ಬೆಳೆಯಿತು. ಸೇವ್ ಒತ್ತುವುದೆಂದರೆ ಆ ಪ್ರತಿ ತೆಗೆಯುವುದು. ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಪ್ರತಿ ತೆಗೆಯುವ ಏರ್ಪಾಡು ಬಹಳಷ್ಟು ನಕ್ಷೆ ತಂತ್ರಾಂಶಗಳಲ್ಲಿದೆ. ಆ ಕಂಪ್ಯೂಟರಿನಲ್ಲಿ ಅದನ್ನು ಯಾರೋ ನಿಲ್ಲಿಸಿಟ್ಟಿದ್ದರು, ನಾನು ನೋಡಿಕೊಂಡಿರಲಿಲ್ಲ. ಪ್ರತಿ ತೆಗೆಯುವಾಗಲೇ ಕರೆಂಟ್ ಹೋದರೆ ಹಳೆಯದೂ ಕೆಡಬಹುದು. ಆದ್ದರಿಂದ ಜಾಗರೂಕ ತಂತ್ರಾಂಶ ಹಳೆಯ ಫೈಲನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಹೊಸ ಫೈಲು ಬರೆದು, ಅದು ಡಿಸ್ಕಿಗೆ ಇಳಿದದ್ದು ಖಾತ್ರಿಯಾದ ಮೇಲೆ ಹಳೆಯದರ ಹೆಸರನ್ನು ಹೊಸದಕ್ಕೆ ಕೊಡುತ್ತದೆ.

ಮತ್ತೆ ಮೊದಲಿಂದ ಶುರುಮಾಡಬೇಕಿತ್ತು. ತೆರೆಯಿಂದ ಅಳಿಸಿದ್ದೆಲ್ಲ ಪ್ಯಾನೆಲಿನ ತಾಮ್ರದಲ್ಲಿ ಹಾಗೇ ಇತ್ತು. ಅದಕ್ಕೆ ಕರೆಂಟಿನ ಹಂಗಿಲ್ಲ. ಈ ಸಲ ಹಾಳೆ, ಪೆನ್ಸಿಲ್ ಹಿಡಿದೆ. ಸ್ಪಿಂಡಲಿನ ಕಾಂಟ್ಯಾಕ್ಟರಿಗೆ ಬಂದಾಗ ಕೈ ನಿಂತಿತು. ಹಸಿರು ಬಟನ್ ಒತ್ತಿದರೆ ಎ1, ಎ2 ನಡುವಿನ ಕಾಯಿಲಿಗೆ ವಿದ್ಯುತ್ ಹೋಗಿ ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆ. ಆಗ ಅದರ 13, 14 ನಂಬರಿನ ಪುಟ್ಟ ಸಂಪರ್ಕವೂ ಮುಚ್ಚುತ್ತದೆ. ಅದು ಹಸಿರು ಬಟನ್ನಿಗೆ ಸಮಾನಾಂತರ. ಬೆರಳು ತೆಗೆದರೂ ಕಾಯಿಲ್ ತನ್ನದೇ ಸಂಪರ್ಕದ ಮೂಲಕ ವಿದ್ಯುತ್ ಪಡೆದು ಹಿಡಿದುಕೊಂಡೇ ಇರುತ್ತದೆ. ವೈರ್‌ಮನ್‌ಗಳು ಇದಕ್ಕೆ ಹೋಲ್ಡಿಂಗ್ ಎನ್ನುತ್ತಾರೆ.

ಇದೂ ಒಂದು ಬಿಟ್ ಸ್ಮೃತಿಯೇ! 'ಬಟನ್ ಒತ್ತಿದ್ದರು' ಎಂಬ ಒಂದೇ ಸಂಗತಿಯನ್ನು ಅದು ನೆನಪಿಟ್ಟಿರುತ್ತದೆ. ಪ್ರೊಸೆಸರಿನೊಳಗಿನ ಕ್ಯಾಶ್ ಸ್ಮೃತಿಯ ತತ್ವವೂ ಇದೇ: ಎರಡು ಪುಟ್ಟ ಮಂಡಲಗಳು ಒಂದರ ಫಲವನ್ನು ಇನ್ನೊಂದಕ್ಕೆ ಉಣಿಸುತ್ತ ಪರಸ್ಪರ ಎತ್ತಿಹಿಡಿದಿರುತ್ತವೆ. ಕರೆಂಟ್ ಹೋದರೆ ಎರಡೂ ಮರೆಯುತ್ತವೆ. ಕ್ಯಾಶಿನ ಮರೆವು ಅದರ ಮಿತಿ. ಕಾಂಟ್ಯಾಕ್ಟರಿನ ಮರೆವನ್ನು ಮಾತ್ರ ಬೇಕೆಂದೇ ಇಟ್ಟಿದ್ದಾರೆ.

ಏಕೆಂದು ಅಂದೇ ಕಂಡೆ. ಕರೆಂಟ್ ಹೋದಾಗ ಪಕ್ಕದ ಲೇತ್ ಓಡುತ್ತಿತ್ತು; ಅದಕ್ಕೂ ಇಂಥದೇ ಸ್ಟಾರ್ಟರ್. ನಾನು ಹಾಳೆಯ ಮೇಲೆ ಬಗ್ಗಿದ್ದಾಗ ಟಾರ್ಚಿನ ಹುಡುಗ ಅತ್ತ ಹೋಗಿ ಬ್ರಶ್ಶಿನಿಂದ ಚಕ್ಕಿನ ಸುತ್ತಿನ ಕಬ್ಬಿಣದ ಸುರುಳಿ ಕೆಡವುತ್ತಿದ್ದ. ಲೇತಿನ ಮೇನ್ ಸ್ವಿಚ್ ಯಾರೂ ಇಳಿಸಿರಲಿಲ್ಲ. ಅವನ ಕೈ ಚಕ್ಕಿನ ಮೇಲಿರುವಾಗಲೇ ಕರೆಂಟ್ ಬಂತು. ಫ್ಯಾನು ತಿರುಗಿತು, ಟ್ಯೂಬ್‌ಲೈಟ್ ಮಿಣುಕಿತು, ಕಂಪ್ಯೂಟರು ತಾನಾಗಿ ಎದ್ದು ಖಾಲಿ ತೆರೆ ತೋರಿಸಿತು. ಲೇತ್ ಅಲುಗಲಿಲ್ಲ.