ಗೋಡೆಯ ಪೆಟ್ಟಿಗೆಗೂ ತಿಳಿಯದ ಗುಟ್ಟು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿನಿಯೊಬ್ಬಳು ಹಾಲೆಂಡಿನ ವಿಶ್ವವಿದ್ಯಾಲಯವೊಂದರ ಪುಸ್ತಕಭಂಡಾರವನ್ನು ಹೊಕ್ಕಳೆನ್ನಿ. ಪರಿಚಯದವರು ಒಬ್ಬರೂ ಇಲ್ಲ. ಆದರೂ ಕೈಚೀಲದೊಳಗಿನ ಫೋನು ತಾನಾಗಿಯೇ ಅಲ್ಲಿನ ವೈಫೈ ಜಾಲವನ್ನು ಸೇರಿಬಿಡುತ್ತದೆ! ಇದು 'ಎಡುರೋಮ್' ಎಂಬ ವ್ಯವಸ್ಥೆಯ ಮಹಿಮೆ. 2003ರಲ್ಲಿ ಯೂರೋಪಿನ ಕೆಲವೇ ದೇಶಗಳ ನಡುವೆ ಪ್ರಯೋಗವಾಗಿ ಮೊದಲಾದ ಇದು ಇಂದು ನೂರಕ್ಕೂ ಹೆಚ್ಚು ನಾಡುಗಳ ವಿದ್ಯಾಸಂಸ್ಥೆಗಳನ್ನು ಹೆಣೆದಿದೆ. ಭಾರತದಲ್ಲಿ ಇದರ ಹೊಣೆ ಅರ್ನೆಟ್ ಸಂಸ್ಥೆಯದು.

ಮನೆಯ ವೈಫೈಗಾದರೆ ಇಡೀ ಸಂಸಾರಕ್ಕೆ ಒಂದೇ ಪಾಸ್‌ವರ್ಡು. ಬಂದ ನೆಂಟರಿಗೂ ಅದೇ. ಸಾವಿರಾರು ಮಂದಿಯ ಸಂಸ್ಥೆಯಲ್ಲಿ ಇದು ನಡೆಯದು. ಒಬ್ಬನು ಕೆಲಸ ಬಿಟ್ಟರೆ ಎಲ್ಲರ ಬೀಗವನ್ನೂ ಬದಲಿಸಬೇಕಾದೀತು! ಆದಕಾರಣ ಅಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಗುರುತು. ಫೋನು ಕದ ತಟ್ಟಿದೊಡನೆ ಗೋಡೆಯ ಮೇಲಿನ ವೈಫೈ ಪೆಟ್ಟಿಗೆಯು ಉಳಿದೆಲ್ಲ ದಾರಿಗಳನ್ನೂ ಮುಚ್ಚಿ, ಗುರುತಿನ ಮಾತುಕತೆಗಷ್ಟೇ ಒಂದು ಕಿಂಡಿಯನ್ನು ತೆರೆಯುತ್ತದೆ. ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಹೆಸರಿನ ಬಾಲದಲ್ಲಿರುವ ಸಂಸ್ಥೆಯ ವಿಳಾಸವನ್ನು ನೋಡಿ, 'ರೇಡಿಯಸ್' ಎಂಬ ಸರ್ವರುಗಳು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ, ವಿಚಾರಣೆಯನ್ನು ಬೆಂಗಳೂರಿಗೆ ಮುಟ್ಟಿಸುತ್ತವೆ. ಪಾಸ್‌ವರ್ಡು ಹೋಗುವುದು ಅರಗಿನ ಮುದ್ರೆಯೊತ್ತಿದ ಲಕೋಟೆಯೊಳಗೆ. ನಡುವಿನ ಅಂಚೆಯವರು ಅದನ್ನು ಒಡೆದು ಓದಲಾರರು. "ಈಕೆ ನಮ್ಮವಳೇ" ಎಂಬ ಉತ್ತರ ಮರಳಿತೋ, ಕದ ತೆರೆಯಿತು.

ತೊಡಕಿರುವುದು ಬೇರೆಡೆ. ಫೋನು ತನ್ನ ಗುಟ್ಟನ್ನು ಒಪ್ಪಿಸುವ ಮೊದಲು ಎದುರಿನವರು ಯಾರೆಂದು ಕೇಳಬೇಡವೆ? ಸಂಸ್ಥೆಯ ಸರ್ವರು ಒಡ್ಡುವ ಪ್ರಮಾಣಪತ್ರವಿರುವುದೇ ಅದಕ್ಕಾಗಿ. ಅವಸರದಲ್ಲಿ 'ಪರೀಕ್ಷೆ ಬೇಡ' ಎಂದು ಒತ್ತಿದವನ ಫೋನಾದರೋ, ಅದೇ ಜಾಲದ ಹೆಸರು ಹೊತ್ತ ಯಾವ ಕಳ್ಳಪೆಟ್ಟಿಗೆಯೊಡನೆ ಬೇಕಾದರೂ ಮಾತಿಗಿಳಿಯುತ್ತದೆ. ಅದು ಕಾಫಿ ಹೋಟೆಲಿನಲ್ಲೇ ಆಗಬಹುದು, ಒಡೆಯನಿಗೆ ಅರಿವೂ ಇಲ್ಲದೆ! ಲಕೋಟೆಯೊಳಗೆ ಪಾಸ್‌ವರ್ಡನ್ನು ಮರೆಮಾಡಲು ಬಹಳವಾಗಿ ಬಳಕೆಯಲ್ಲಿರುವ 'ಎಂಎಸ್-ಚಾಪ್ 2' ಎಂಬ ವಿಧಾನವನ್ನು ಒಂದೇ ದಿನದಲ್ಲಿ ಭೇದಿಸಬಹುದೆಂದು 2012ರಲ್ಲಿ ಲಾಸ್ ವೇಗಾಸ್‌ನ ಡೆಫ್‌ಕಾನ್ ಸಮ್ಮೇಳನದಲ್ಲಿ ತೋರಿಸಿಕೊಡಲಾಯಿತು. ಎಷ್ಟೋ ಕಡೆ ಅದೇ ಪಾಸ್‌ವರ್ಡಿಗೆ ಈಮೇಲೂ ತೆರೆದುಕೊಳ್ಳುತ್ತದೆ. 2020ರ ಡಿಸೆಂಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಂದ ಆ 'ಪರೀಕ್ಷೆ ಬೇಡ' ಎಂಬ ಆಯ್ಕೆಯನ್ನೇ ಕಿತ್ತುಹಾಕಿತು. ವೈಫೈ ಸೇರುತ್ತಿಲ್ಲವೆಂದು ಗೊಣಗಿದವರೂ ಉಂಟು, ಪಾಪ.

ಕೆಲವು ಸಂಸ್ಥೆಗಳು ಪಾಸ್‌ವರ್ಡಿನ ಸಹವಾಸವನ್ನೇ ಬಿಟ್ಟು, ಪ್ರತಿಯೊಂದು ಸಾಧನಕ್ಕೂ ಅದರದೇ ಪ್ರಮಾಣಪತ್ರವನ್ನು ಕೊಡುತ್ತವೆ. ಫೋನು ಕಳೆದುಹೋದರೆ ಆ ಒಂದು ಪತ್ರವನ್ನು ರದ್ದುಮಾಡಿದರಾಯಿತು. ಉಳಿದವರ ಬೀಗವನ್ನು ಯಾರೂ ಮುಟ್ಟಬೇಕಾಗಿಲ್ಲ.