ಕೀಮೋ ಅಳೆಯುವ ಡಿಎನ್‌ಎ

ಕೀಮೋಥೆರಪಿಯ ಡೋಸನ್ನು ಸಾಮಾನ್ಯವಾಗಿ ರೋಗಿಯ ಎತ್ತರ, ತೂಕ ನೋಡಿ ಲೆಕ್ಕ ಹಾಕುತ್ತಾರೆ. ಆದರೆ ಒಂದೇ ಎತ್ತರ, ಒಂದೇ ತೂಕದ ಇಬ್ಬರ ರಕ್ತದಲ್ಲೂ ಔಷಧದ ಮಟ್ಟ ಒಂದೇ ಇರಬೇಕೆಂದೇನಿಲ್ಲ. 5-ಫ್ಲೂರೋಯುರಾಸಿಲ್ ಎಂಬ ಔಷಧವನ್ನು ಒಡೆಯುವ ಡಿಪಿಡಿ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಮಾಮೂಲಿ ಡೋಸೂ ವಿಷವಾಗಬಹುದು. ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಕೀಮೋ ಔಷಧ ಮಿತಿ ಮೀರಿದರೆ ಹೃದಯಕ್ಕೆ ಪೆಟ್ಟು. ಹಾಗಾಗಿ ರಕ್ತ, ಮೂತ್ರದಲ್ಲಿ ಔಷಧ ಎಷ್ಟಿದೆ ಎಂದು ತಿಳಿಯುವುದು ಒಳ್ಳೆಯದು. ಅದನ್ನು ಅಳೆಯುವ ಕ್ರೊಮ್ಯಾಟೊಗ್ರಫಿ ಯಂತ್ರಗಳು ದುಬಾರಿ. ಮುನವಳ್ಳಿಯಂಥ ಊರಿನಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಬಸ್ ಹಿಡಿದು ಕೀಮೋ ಹಾಕಿಸಿಕೊಂಡು ಬರುವವರಿಗೆ ಅವು ಊರಲ್ಲಿ ಸಿಗುವ ಮಾತಲ್ಲ.

ಇದಕ್ಕೊಂದು ಅಗ್ಗದ ದಾರಿ ವಿದ್ಯುತ್ ರಾಸಾಯನಿಕ ಡಿಎನ್‌ಎ ಸಂವೇದಕ. ಡಿಎನ್‌ಎಯಿಂದ ವಿದ್ಯುತ್ ಸಂಕೇತ ಪಡೆಯಬಹುದೆಂದು ಎಮಿಲ್ ಪಾಲೆಚೆಕ್ 1960ರಲ್ಲೇ ತೋರಿಸಿದ್ದರು. ಇವತ್ತು ಪೆನ್ಸಿಲ್ಲಿನ ಗ್ರಾಫೈಟ್ ಕಡ್ಡಿಯೊಂದಿದ್ದರೂ ಪ್ರಯೋಗ ಮಾಡಬಹುದು. ಕಡ್ಡಿಯನ್ನು ಡಿಎನ್‌ಎ ದ್ರಾವಣದಲ್ಲಿ ಅದ್ದಿ ಕೆಲವು ನಿಮಿಷ ಸಣ್ಣ ವೋಲ್ಟೇಜ್ ಕೊಟ್ಟರೆ ಡಿಎನ್‌ಎ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ವೋಲ್ಟೇಜ್ ಏರಿಸುತ್ತ ಹೋದಾಗ, ಸುಮಾರು 1 ವೋಲ್ಟ್ ಹತ್ತಿರ, ಡಿಎನ್‌ಎಯಲ್ಲಿನ ಗ್ವಾನಿನ್ ಎಂಬ ಘಟಕ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ವಿದ್ಯುತ್ ಪ್ರವಾಹವನ್ನು ತೋರಿಸುವ ಪರದೆಯ ಗೆರೆ ಶಿಖರದಂತೆ ಏಳುತ್ತದೆ. ಈಗ ಡಿಎನ್‌ಎ ಅಂಟಿದ ಅಂಥದೇ ಕಡ್ಡಿಯನ್ನು ಡಾಕ್ಸೊರುಬಿಸಿನ್ ಇರುವ ಮಾದರಿಯಲ್ಲಿ ಅದ್ದಿದರೆ, ಔಷಧದ ಚಪ್ಪಟೆ ಅಣುಗಳು ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ತೂರಿ ಕೂರುತ್ತವೆ. ಮತ್ತೆ ವೋಲ್ಟೇಜ್ ಏರಿಸಿ ನೋಡಿದರೆ ಗ್ವಾನಿನ್ ಶಿಖರ ತಗ್ಗಿರುತ್ತದೆ. ಔಷಧ ಹೆಚ್ಚಿದಷ್ಟೂ ಇಳಿತ ಹೆಚ್ಚು. ಕ್ಯಾನ್ಸರ್ ಕೋಶವನ್ನು ಕೊಲ್ಲಲು ನೆರವಾಗುವ ಗುಣವೇ ಇಲ್ಲಿ ಅಳತೆಗೂ ಒದಗುತ್ತದೆ.

ಇದಕ್ಕೆ ಹತ್ತಿರದ ವಿದ್ಯುತ್ ರಾಸಾಯನಿಕ ಕೆಲಸ ನಮ್ಮ ಸೀಮೆಯಲ್ಲೂ ನಡೆದಿದೆ. ಹುಬ್ಬಳ್ಳಿಯ ಕೆಎಲ್‌ಇ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು 5-ಫ್ಲೂರೋಯುರಾಸಿಲ್ ಪತ್ತೆಗೆ ಮೆಥಿಲೀನ್ ಬ್ಲೂ ಎಂಬ ಬಣ್ಣ ಸೇರಿಸಿದ ಕಾರ್ಬನ್ ಪೇಸ್ಟ್ ವಿದ್ಯುದ್ವಾರ ಬಳಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಬನ್ ಪೇಸ್ಟ್ ಎಂದರೆ ಗ್ರಾಫೈಟ್ ಪುಡಿಗೆ ಎಣ್ಣೆ ಹಾಕಿ ಕಲಸಿದ ಮುದ್ದೆ. ಆದರೆ ಆ ಪ್ರಯೋಗದಲ್ಲಿ ಡಿಎನ್‌ಎ ಇರಲಿಲ್ಲ. ಔಷಧವೇ ನೇರವಾಗಿ ಎಲೆಕ್ಟ್ರಾನ್ ಕೊಟ್ಟು ತನ್ನ ಇರವನ್ನು ತೋರಿಸಿತು.

ತೊಡಕುಗಳೂ ಇವೆ. ರಕ್ತದ ಪ್ರೋಟೀನುಗಳು ಕಡ್ಡಿಗೆ ಮೆತ್ತಿಕೊಂಡು ಸಂಕೇತವನ್ನು ಮಂಕಾಗಿಸುತ್ತವೆ. ಯೂರಿಕ್ ಆಮ್ಲ, ವಿಟಮಿನ್ ಸಿ ತಾವೂ ಎಲೆಕ್ಟ್ರಾನ್ ಕೊಟ್ಟು ಲೆಕ್ಕ ಕೆಡಿಸಬಲ್ಲವು. ಡಿಎನ್‌ಎಗೆ ಅಂಟುವ ಎರಡು ಔಷಧಗಳು ಒಟ್ಟಿಗಿದ್ದರೆ ಯಾವುದೆಷ್ಟು ಎಂದು ಗ್ವಾನಿನ್ ಶಿಖರವೊಂದೇ ಹೇಳದು. ಶುದ್ಧ ದ್ರಾವಣದಲ್ಲಿ ಗೆದ್ದರೆ ಸಾಲದು. ರೋಗಿಗಳ ರಕ್ತದಲ್ಲಿ ಕ್ರೊಮ್ಯಾಟೊಗ್ರಫಿಯ ಫಲಿತಾಂಶದೊಂದಿಗೆ ತಾಳೆಯಾಗಬೇಕು. ಹುಬ್ಬಳ್ಳಿಯಲ್ಲಿ ಪ್ರಯೋಗಾಲಯವೂ ಇದೆ, ಅಲ್ಲಿನ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಎರಡೂ ಕೈಜೋಡಿಸಿದರೆ ಈ ಪರೀಕ್ಷೆ ಕಷ್ಟವಲ್ಲ.

ಅಲ್ಲಿಯವರೆಗೆ ರೋಗಿಯ ಮೈಯೇ ಸೂಚನೆ ಕೊಡಬೇಕು. ಕೀಮೋ ಆದ ಮೇಲೆ ಜ್ವರ, ಬಾಯಿಹುಣ್ಣು, ನಿಲ್ಲದ ಭೇದಿ ಕಂಡರೆ ಮುಂದಿನ ತಾರೀಕಿಗೆ ಕಾಯಬೇಡಿ. ಅಂದೇ ವೈದ್ಯರಿಗೆ ತಿಳಿಸಿ.