ಮೆದುಳಿನ ಹೊಸ ಕೋಶಕ್ಕೆ ವೈರಸ್ ಹಚ್ಚುವ ಹಸಿರು

ಮೆದುಳಿನ ನರಕೋಶ ಸತ್ತರೆ ಸತ್ತಿತು, ಹೊಸದು ಹುಟ್ಟುವುದಿಲ್ಲ ಎಂದೇ ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1960ರ ದಶಕದಲ್ಲಿ ಅಮೆರಿಕದ ಜೋಸೆಫ್ ಆಲ್ಟ್‌ಮನ್, ಬೆಳೆದ ಇಲಿಗಳಲ್ಲೂ ನರಕೋಶಗಳು ಹುಟ್ಟುತ್ತವೆ ಎಂದಾಗ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ವಿಕಿರಣಶೀಲ ಗುರುತು ಸೂಕ್ಷ್ಮದರ್ಶಕದಲ್ಲಿ ಬರೀ ಕಪ್ಪು ಚುಕ್ಕಿಗಳಾಗಿ ಕಾಣುತ್ತಿತ್ತು. ಆ ಕೋಶ ಬೆಳೆದು ಕೆಲಸಕ್ಕೆ ನಿಂತಿತೇ ಎಂಬುದು ಚುಕ್ಕಿಯಿಂದ ಗೊತ್ತಾಗುವಂತಿರಲಿಲ್ಲ.

ಅದನ್ನು ಗೊತ್ತುಮಾಡಿಕೊಟ್ಟದ್ದು ವೈರಸ್. ಇಲಿಗಳಿಗೆ ರಕ್ತದ ಕ್ಯಾನ್ಸರ್ ತರುವ ಒಂದು ರೆಟ್ರೊವೈರಸ್‌ನಿಂದ ಅದು ಮತ್ತೆ ಹುಟ್ಟಿಕೊಳ್ಳಲು ಬೇಕಾದ ಜೀನ್‌ಗಳನ್ನು ತೆಗೆದು, ಅಲ್ಲಿ ಲೋಳೆಮೀನಿನ ಹಸಿರು ಪ್ರೋಟೀನಿನ ಜೀನ್ ಕೂರಿಸುತ್ತಾರೆ. ಈ ವೈರಸ್‌ಗೆ ಕೋಶಕೇಂದ್ರದ ಪೊರೆ ದಾಟಲು ಬಾರದು. ಕೋಶ ಒಡೆದು ಎರಡಾಗುವಾಗ ಪೊರೆ ಕರಗುತ್ತದಲ್ಲ, ಆಗಷ್ಟೇ ಅದು ಡಿಎನ್‌ಎಗೆ ಸೇರಿಕೊಳ್ಳಬಲ್ಲದು. ಬೆಳೆದ ನರಕೋಶ ಒಡೆಯುವುದಿಲ್ಲ, ಅದಕ್ಕೆ ಹಸಿರೂ ಹತ್ತುವುದಿಲ್ಲ. ಕಾಂಡಕೋಶಗಳಂಥ ಒಡೆಯುತ್ತಿರುವ ಕೋಶಗಳಿಗೆ, ಅವುಗಳ ಸಂತತಿಗೆ ಮಾತ್ರ ಹತ್ತುತ್ತದೆ. ವೈರಸ್‌ನ ಕೊರತೆಯನ್ನೇ ಹುಟ್ಟಿದ ದಿನದ ಗುರುತಾಗಿಸಿಕೊಂಡ ಈ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ.

2002ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಹೆನ್ರಿಯೆಟ್ ವಾನ್ ಪ್ರಾಗ್, ಫ್ರೆಡ್ ಗೇಜ್ ಮತ್ತು ಸಂಗಡಿಗರು ಈ ವೈರಸ್ಸನ್ನು ಇಲಿಗಳ ಹಿಪೊಕ್ಯಾಂಪಸ್‌ಗೆ ಚುಚ್ಚಿದರು. ನೆನಪು ರೂಪುಗೊಳ್ಳುವ ಭಾಗವದು. ಎರಡು ದಿನದ ಕೋಶಕ್ಕೆ ಇನ್ನೂ ಸರಿಯಾದ ಆಕಾರವಿರಲಿಲ್ಲ. ನಾಲ್ಕು ವಾರ ಕಳೆದಾಗ ಕವಲೊಡೆದ ನರಕೋಶ ಪೂರ್ತಿ ಹಸಿರಾಗಿ ಹೊಳೆಯುತ್ತಿತ್ತು. ಅದೇ ಕೋಶದ ವಿದ್ಯುತ್ ಸಂಕೇತಗಳನ್ನು ಅಳೆದು, ಹಳೆಯ ಕೋಶಗಳಂತೆ ಅದೂ ಕೆಲಸ ಮಾಡುತ್ತಿದೆ ಎಂದು ಅವರು ತೋರಿಸಿದರು. 2006ರ ಮತ್ತೊಂದು ಅಧ್ಯಯನ ಇನ್ನಷ್ಟು ಹತ್ತಿರದಿಂದ ನೋಡಿತು: ಬೇರೆ ನರಕೋಶಗಳಿಂದ ಸಂದೇಶ ಪಡೆಯುವ ಸಣ್ಣ ಮುಳ್ಳುಗಳು ಕವಲುಗಳ ಮೇಲೆ ಮೊಳೆಯುವುದು ಸುಮಾರು 16ನೇ ದಿನಕ್ಕೆ.

ಎಲ್ಲ ವೈರಸ್ಸೂ ಇಷ್ಟು ಸಾಧುವಲ್ಲ. ನರವಿಜ್ಞಾನದ ಪ್ರಯೋಗಾಲಯಗಳಲ್ಲಿ ಬಹಳ ಬಳಕೆಯಲ್ಲಿರುವ ಎಎವಿ ಎಂಬ ವೈರಸ್, ಸಾಮಾನ್ಯ ಪ್ರಮಾಣದಲ್ಲೂ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಒಡೆಯುತ್ತಿರುವ ಎಳೆಯ ಕೋಶಗಳನ್ನು ಎರಡೇ ದಿನಗಳಲ್ಲಿ ಕೊಲ್ಲುತ್ತದೆಂದು 2021ರಲ್ಲಿ ಗೇಜ್ ಅವರೂ ಇದ್ದ ತಂಡವೇ ವರದಿ ಮಾಡಿತು. ಬೆಳೆದ ಕೋಶಗಳು ಸಾಯದೆ ಉಳಿದಿದ್ದವು, ಹಾಗಾಗಿ ಈ ಹಾನಿ ಸುಲಭವಾಗಿ ಕಣ್ಣು ತಪ್ಪಿಸುವಂಥದ್ದು. ತಾವೇ ನೆಚ್ಚಿದ ಸಾಧನಗಳನ್ನು ಹೀಗೆ ಒರೆಗೆ ಹಚ್ಚುವವರ ಮೇಲೆ ನನಗೆ ಗೌರವ ಹೆಚ್ಚು.

ಗುರುತು ಹಾಕಲೆಂದು ಮನುಷ್ಯರ ಮೆದುಳಿಗೆ ವೈರಸ್ ಚುಚ್ಚುವಂತಿಲ್ಲ. ದಾನವಾಗಿ ಬಂದ ಮೆದುಳುಗಳನ್ನು ಪರೀಕ್ಷಿಸಿದ ಎರಡು ತಂಡಗಳು 2018ರಲ್ಲಿ ಪರಸ್ಪರ ವಿರುದ್ಧ ತೀರ್ಮಾನಕ್ಕೆ ಬಂದವು: ವಯಸ್ಕರಲ್ಲಿ ಹೊಸ ನರಕೋಶ ಕಾಣುವುದಿಲ್ಲ ಎಂದಿತು ಒಂದು, ಇಳಿವಯಸ್ಸಿನಲ್ಲೂ ಹುಟ್ಟುತ್ತವೆ ಎಂದಿತು ಇನ್ನೊಂದು. ಮೆದುಳಿನ ಕೋಶ ಚಿಗುರಿಸುತ್ತೇವೆ ಎನ್ನುವ ಜಾಹೀರಾತು ಕಂಡರೆ ಮೊದಲು ಕೇಳಿ: ಯಾರಲ್ಲಿ ಚಿಗುರಿತು, ಇಲಿಯಲ್ಲೋ ಮನುಷ್ಯನಲ್ಲೋ?